ಹತ್ತಿರದ ನೋಟ

ಅಮೆರಿಕದ ಛಾಯಾಗ್ರಾಹಕ ಎಡ್ವರ್ಡ್ ವೆಸ್ಟನ್ 1930ರಲ್ಲಿ ಒಂದು ದೊಣ್ಣೆ ಮೆಣಸಿನಕಾಯಿಯನ್ನು ತಗಡಿನ ಲಾಳಿಕೆಯೊಳಗಿಟ್ಟು ಅತಿ ಸಮೀಪದಿಂದ ಅದರ ಛಾಯಾಚಿತ್ರ ತೆಗೆದರು. ನಾವು ಪಲ್ಯಕ್ಕೆ ಹೆಚ್ಚುವ ಆ ಕಾಯಿಯ ಮಡಿಕೆ, ನುಣುಪು, ಹೊಳಪು ಅಲ್ಲಿ ಮಾನವದೇಹವನ್ನೇ ನೆನಪಿಸುತ್ತವೆ. ಸೃಷ್ಟಿಯನ್ನು ಹೀಗೆ ತಾಳ್ಮೆಯಿಂದ ನೋಡುವುದು ಪ್ರಾರ್ಥನೆಗೆ ಸಮೀಪವಾದುದೆಂದೇ ನನ್ನ ಎಣಿಕೆ.

ಇಂದು ನಮ್ಮ ಕೈಯಲ್ಲಿರುವ ಫೋನೇ ಇದಕ್ಕೆ ಸಾಕು. ಸವೆದ ಒನಕೆ, ಬಿರುಕುಬಿಟ್ಟ ಈಳಿಗೆಮಣೆ, ಕೊನೆಗೆ ಅಜ್ಜಿಯ ಒಡೆದ ಹಿಮ್ಮಡಿ! ಮಣೆಗೆ ನೋವಿಲ್ಲ, ಹಿಮ್ಮಡಿಗಿದೆ. ಚೌಕಟ್ಟಿನೊಳಗೆ ಬಿರುಕು ಸುಂದರವಾಗಿ ಕಾಣುತ್ತದೆ. ಅಜ್ಜಿ ಮಾತ್ರ ಹೊರಗುಳಿಯುತ್ತಾರೆ. (ಅವರ ಒಪ್ಪಿಗೆಯನ್ನಾದರೂ ಕೇಳಿದಿರಾ?) ಸಂತ ಲೂಕರ ಶುಭಸಂದೇಶದಲ್ಲಿ ಸಮಾರಿಯದವನೂ ಗಾಯಗಳನ್ನು ಹತ್ತಿರದಿಂದಲೇ ಕಂಡನು, ಕಂಡು, ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿದನು. ಎಣ್ಣೆ ನಮ್ಮ ಮನೆಗಳಲ್ಲೂ ಇದೆ.