ಸ್ನಾಯುಬಲವೂ ಅನರ್ಥದಂಡವೂ

ಕನಕಪುರ ತಾಲ್ಲೂಕಿನ ಕಬ್ಬಾಳುದುರ್ಗವನ್ನು ಹತ್ತುವಾಗ ಏದುಸಿರು ಬರುತ್ತದೆ; ತೊಡೆಗಳು ನೋಯುವುದು ಇಳಿದ ಮರುದಿನ. ಶ್ರವಣಬೆಳಗೊಳದ ವಿಂಧ್ಯಗಿರಿಯಿಂದ ಇಳಿದು ಬಂದ ಯಾತ್ರಿಕರಿಗೂ ಈ ಅನುಭವ ಹೊಸದಲ್ಲ. ಇಳಿಯುವಾಗ ದೇಹದ ಭಾರವನ್ನು ತಡೆಹಿಡಿಯುವ ಸ್ನಾಯು ಹಿಗ್ಗುತ್ತಲೇ ದುಡಿಯಬೇಕಾಗುತ್ತದೆ. ಆಗ ಅದರ ಸೂಕ್ಷ್ಮ ತಂತುಗಳಿಗೆ ಪೆಟ್ಟಾಗಿ, ಒಂದೆರಡು ದಿನ ನೋವು ಏರಿ, ಬಳಿಕ ತಾನಾಗಿಯೇ ಶಮನವಾಗುತ್ತದೆ. ವ್ಯಾಯಾಮಶಾಲೆಯಲ್ಲಿ ಭಾರ ಎತ್ತಿಳಿಸುವ ತರುಣರಿಗೆ ಆಗುವುದೂ ಇದೇ. ನೋವು ಬೇಗ ಹೋಗಲಿ, ಸ್ನಾಯು ಬೇಗ ಬೆಳೆಯಲಿ ಎಂದು ಅವರು ನೀರಿಗೆ ಬೆರೆಸಿ ಕುಡಿಯುವ ಅಮೈನೋ ಆಮ್ಲಗಳ ಪುಡಿ ಈಗ ಶ್ರಾವಕರ ಮನೆಗಳನ್ನೂ ಹೊಕ್ಕಿದೆ. ಇದು ನಮಗೆ ಸೇವ್ಯವೇ ಎಂದು ಹಿರಿಯರು ಕೇಳಿದರೆ ಡಬ್ಬಿಯ ಮೇಲಿನ ಹಸಿರು ಚುಕ್ಕೆಯನ್ನು ತೋರಿಸಿ ಸುಮ್ಮನಾಗುವವರೇ ಹೆಚ್ಚು.

ಆ ಚುಕ್ಕೆ ಎಲ್ಲವನ್ನೂ ಹೇಳುವುದಿಲ್ಲ. ಪಕ್ಷಿಗಳ ಗರಿ, ಮನುಷ್ಯರ ಕೂದಲು ಮೊದಲಾದವನ್ನು ಆಮ್ಲದಲ್ಲಿ ಬೇಯಿಸಿ ಅಮೈನೋ ಆಮ್ಲಗಳನ್ನು ಪಡೆಯುವ ಕ್ರಮವುಂಟು. 1956ರ ಸುಮಾರಿಗೆ ಜಪಾನಿನಲ್ಲಿ ಕಿನೊಶಿತ ಮತ್ತು ಸಂಗಡಿಗರು ಒಂದು ಬಗೆಯ ಬ್ಯಾಕ್ಟೀರಿಯಾದ ಹುದುಗುವಿಕೆಯಿಂದ ಗ್ಲುಟಾಮಿಕ್ ಆಮ್ಲ ಪಡೆಯುವ ದಾರಿ ಕಂಡುಕೊಂಡ ಮೇಲೆ, ಸಕ್ಕರೆಯಿಂದ ಇತರ ಅಮೈನೋ ಆಮ್ಲಗಳನ್ನು ತಯಾರಿಸುವ ಉದ್ಯಮವೂ ಬೆಳೆಯಿತು. ಡಬ್ಬಿಯೊಳಗಿನದು ಯಾವ ದಾರಿಯಿಂದ ಬಂದಿತೆಂದು ಕೊಳ್ಳುವವನಿಗೆ ತಿಳಿಯುವುದು ಕಷ್ಟ. ಗುಳಿಗೆಯ ಕವಚ ಜೆಲಾಟಿನ್ ಆಗಿದ್ದರೆ ಅದು ಪ್ರಾಣಿಯ ಮೂಳೆ, ಚರ್ಮಗಳಿಂದ ಬಂದದ್ದು. ಆಹಾರದ ಪ್ರತಿಯೊಂದು ಘಟಕದ ಮೂಲ ಸಸ್ಯವೋ ಪ್ರಾಣಿಯೋ ಪ್ರಯೋಗಾಲಯವೋ ಎಂಬುದನ್ನು ತಯಾರಕರು ಬಹಿರಂಗಪಡಿಸಬೇಕೆಂದು ದಿಲ್ಲಿ ಉಚ್ಚ ನ್ಯಾಯಾಲಯ 2021ರ ಡಿಸೆಂಬರಿನಲ್ಲಿ ಆದೇಶಿಸಿದ್ದು ಇಂತಹ ಸಂದಿಗ್ಧಗಳ ಕಾರಣದಿಂದಲೇ. (ಪುಡಿಯ ಮೂಲವನ್ನು ಇಷ್ಟು ಶೋಧಿಸುವ ನಾವು, ರಾಮನಗರದ ಗೂಡುಗಳನ್ನು ಹುಳುವಿನ ಸಮೇತ ಬೇಯಿಸಿ ತೆಗೆದ ರೇಷ್ಮೆಯನ್ನುಟ್ಟು ಪೂಜೆಗೆ ನಿಲ್ಲುವ ವಿಚಾರ ಬೇರೆಯೇ ಒಂದು ಲೇಖನವನ್ನು ಬೇಡುತ್ತದೆ.)

ಮೂಲ ನಿರ್ದೋಷವೆಂದು ಖಚಿತವಾದರೂ ಇನ್ನೊಂದು ಪ್ರಶ್ನೆ ಉಳಿಯುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವ್ರತವನ್ನು ಗುಣವ್ರತಗಳಲ್ಲಿ ಎಣಿಸಿದ್ದಾರೆ. ಗೃಹಸ್ಥನು ಒಲೆ ಹೊತ್ತಿಸಲೇಬೇಕು, ನೀರು ಸೇದಲೇಬೇಕು. ಆದರೆ ಪ್ರಯೋಜನವಿಲ್ಲದೆ ನೆಲ ಅಗೆಯುವುದು, ನೀರು ಚೆಲ್ಲುವುದು, ಬೆಂಕಿ ಹಚ್ಚುವುದು ಪ್ರಮಾದಚರ್ಯೆ ಎನಿಸುತ್ತದೆ. ಹೀಗಾಗಿ ಪುಡಿಯಿಂದ ಪ್ರಯೋಜನವುಂಟೇ ಎಂಬ ವೈದ್ಯಶಾಸ್ತ್ರದ ಪ್ರಶ್ನೆಯೇ ಇಲ್ಲಿ ಆಚಾರದ ಪ್ರಶ್ನೆಯೂ ಆಗುತ್ತದೆ.

ಪುಡಿಯಲ್ಲಿ ಸಾಮಾನ್ಯವಾಗಿ ಇರುವುದು ಲ್ಯೂಸೀನ್, ಐಸೊಲ್ಯೂಸೀನ್, ವ್ಯಾಲೀನ್ ಎಂಬ ಮೂರು. ಸ್ನಾಯುವಿನಲ್ಲಿ ಪ್ರೋಟೀನು ಕಟ್ಟುವ ಕ್ರಿಯೆಗೆ ಲ್ಯೂಸೀನ್ ಚಾಲನೆ ಕೊಡುತ್ತದೆಂಬುದು ನಿಜ. ಆದರೆ ಕಟ್ಟಲು, ದೇಹ ತಾನೇ ತಯಾರಿಸಿಕೊಳ್ಳಲಾರದ ಒಂಬತ್ತೂ ಬೇಕು. ಮೇಸ್ತ್ರಿ ಬಂದು ಇಟ್ಟಿಗೆ ಬಾರದಿದ್ದರೆ ಗೋಡೆ ಏಳದು. ಈ ಮೂರನ್ನಷ್ಟೇ ಸೇವಿಸಿದರೆ ಸ್ನಾಯು ಬೆಳೆಯುತ್ತದೆಂಬ ವಾದಕ್ಕೆ ಆಧಾರವಿಲ್ಲವೆಂದು ರಾಬರ್ಟ್ ವುಲ್ಫ್ 2017ರ ಸಮೀಕ್ಷೆಯೊಂದರಲ್ಲಿ ತೀರ್ಮಾನಿಸಿದರು. ನೋವು ಕೊಂಚ ತಗ್ಗುತ್ತದೆಂದು ಕೆಲವು ಪ್ರಯೋಗಗಳು ಹೇಳುತ್ತವೆ. ತಾನಾಗಿಯೇ ಹೋಗುವ ನೋವಿಗೆ ಅಷ್ಟು ಪ್ರಯೋಜನ ಸಾಲದೆಂದೇ ನನ್ನ ಅಭಿಪ್ರಾಯ.

ಅರವತ್ತು ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನು ಬೇಕು. ಭಾರ ಎತ್ತುವವನಿಗೆ 96 ಗ್ರಾಂ ದಾಟಿದರೆ ಹೆಚ್ಚಿನ ಲಾಭ ಕಾಣದು. ನೂರು ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅರ್ಧ ಲೀಟರ್ ಹಾಲಿನಲ್ಲಿ 16 ಗ್ರಾಂ ಇದೆ. ಕಬ್ಬಾಳಿನ ಸೀಮೆಯ ರಾಗಿಮುದ್ದೆ, ಹುರುಳಿಸಾರಿನ ಊಟದಲ್ಲಿ ರಾಗಿಗೆ ಕೊರತೆಯಾದ ಲೈಸೀನನ್ನು ಹುರುಳಿಯೂ, ಕಾಳಿಗೆ ಕೊರತೆಯಾದ ಮಿಥಿಯೊನೀನನ್ನು ರಾಗಿಯೂ ತುಂಬಿಕೊಡುತ್ತವೆ. ಭಾರ ಎತ್ತುವ ಶಾಕಾಹಾರಿಯು ಕಾಳು, ಹಾಲು, ಕಡಲೆಕಾಯಿಗಳನ್ನು ಲೆಕ್ಕವಿಟ್ಟೇ ಉಣ್ಣಬೇಕಾಗುತ್ತದೆ ಎಂಬುದೂ ದಿಟ.

ಸಂಜೆ ವ್ಯಾಯಾಮ ಮಾಡಿ ಸೂರ್ಯಾಸ್ತದ ಬಳಿಕ ಉಣ್ಣದ ತರುಣರು, ಒಡನೆಯೇ ಏನಾದರೂ ಸೇವಿಸದಿದ್ದರೆ ಶ್ರಮ ವ್ಯರ್ಥವೆಂದು ಅಂಜಿ ವ್ರತ ಸಡಿಲಿಸುವುದುಂಟು. ಈ ಅಂಜಿಕೆಗೆ ಕಾರಣವಿಲ್ಲ. ಭಾರದ ವ್ಯಾಯಾಮದ ಅನಂತರ ಸ್ನಾಯು ಕಟ್ಟಿಕೊಳ್ಳುವ ಕ್ರಿಯೆ ಒಂದು ದಿನಕ್ಕೂ ಮಿಗಿಲಾಗಿ ಚುರುಕಾಗಿರುವುದರಿಂದ, ಮರುದಿನ ಬೆಳಗಿನ ಆಹಾರವೂ ಅದಕ್ಕೆ ಒದಗುತ್ತದೆ. ವ್ಯಾಯಾಮವನ್ನೇ ಬೆಳಿಗ್ಗೆ ಇಟ್ಟುಕೊಂಡರೆ ಇನ್ನೂ ಲೇಸು.

ವೃದ್ಧರ ಸ್ಥಿತಿ ಬೇರೆ. ವಯಸ್ಸಾದಂತೆ ಸ್ನಾಯು ಕರಗುತ್ತದೆ; ಅಷ್ಟೇ ಆಹಾರಕ್ಕೆ ದೇಹ ಮೊದಲಿನಂತೆ ಸ್ಪಂದಿಸುವುದಿಲ್ಲ. ಏಕಾಶನ ಮಾಡುವ, ಹಲ್ಲಿಲ್ಲದ, ಹಸಿವು ತಗ್ಗಿದ ಅಜ್ಜಿಯೊಬ್ಬರು ಕುಳಿತಲ್ಲಿಂದ ಏಳಲಾರದೆ ಹೋದಾಗ, ಒಂಬತ್ತೂ ಅಮೈನೋ ಆಮ್ಲಗಳಿರುವ ಪುಡಿಯನ್ನು, ಮೂತ್ರಪಿಂಡಗಳನ್ನು ಪರೀಕ್ಷಿಸಿ, ವೈದ್ಯರು ಸೂಚಿಸಿದರೆ ಅಲ್ಲಿ ಪ್ರಯೋಜನ ಸ್ಪಷ್ಟವಾಗಿದೆ; ಅದನ್ನು ಅನರ್ಥವೆನ್ನಲಾಗದು. ಆ ಡಬ್ಬಿಯ ತಯಾರಕರಿಗೆ ಪತ್ರ ಬರೆದು ಮೂಲವನ್ನು ಕೇಳಿ ತಿಳಿಯುವ ಕೆಲಸವನ್ನು ಮನೆಯ ತರುಣರು ವಹಿಸಿಕೊಳ್ಳಬಹುದು.