ಬೆಲ್ಲದ ನೀರು ಪಾನಕವಾಗುವ ಬಗೆ



ಚೈತ್ರ, ವೈಶಾಖ, ಜ್ಯೇಷ್ಠ ಎಂಬ ಈ ಮೂರು ಮಾಸಗಳಿಗೆ ಕ್ರಮವಾಗಿ ವಿಷ್ಣು, ಮಧುಸೂದನ, ತ್ರಿವಿಕ್ರಮ ಎಂಬ ಭಗವದ್ರೂಪಗಳು ನಿಯಾಮಕಗಳು. ಬಿಸಿಲನ್ನು ಕೊಡುವವನೂ ಆ ಶ್ರೀಹರಿಯೇ, ಬಾಯಾರಿಕೆಯನ್ನು ಕೊಡುವವನೂ ಅವನೇ, ಅದನ್ನು ನೀಗುವ ಜಲದಲ್ಲಿ ರಸವೆಂದು ಕರೆಯಿಸಿಕೊಂಡು ನೆಲಸಿರುವವನೂ ಅವನೇ. ಗೀತೆಯ ಏಳನೆಯ ಅಧ್ಯಾಯದಲ್ಲಿ ಇದನ್ನು ಅವನೇ ಅಪ್ಪಣೆ ಕೊಡಿಸಿದ್ದಾನೆ. ಹೀಗಿರುವಾಗ ಬೇಸಗೆಯ ಪಾನೀಯದ ವಿಚಾರವು ಬರಿಯ ಅಡಿಗೆಮನೆಯ ವಿಚಾರವೆಂದು ತಳ್ಳಿಹಾಕತಕ್ಕದ್ದಲ್ಲ.

ಮಾನೇಸರದ ಕೈಗಾರಿಕಾ ವಸತಿಗಳಲ್ಲಿ ನೆಲಸಿರುವ ನಮ್ಮ ಕುಟುಂಬಗಳಿಗಂತೂ ಇದು ಎರಡು ಕಾರಣಗಳಿಂದ ಬಹಳ ಹತ್ತಿರದ ವಿಚಾರ. ಮೊದಲನೆಯದು ಇಲ್ಲಿಯ ಬಿಸಿಲು. ಉಡುಪಿಯ ಬೆವರಿನ ಸೆಕೆಯೂ ರಾಯಚೂರಿನ ಉರಿಬಿಸಿಲೂ ನಮಗೆ ಹೊಸದಲ್ಲ. ಆದರೆ ಮರುಭೂಮಿಯ ಕಡೆಯಿಂದ ಬೀಸಿ ಬರುವ 'ಲೂ' ಎಂಬ ಬಿಸಿಗಾಳಿಯ ಪರಿಚಯ ನಮ್ಮ ಹಿರಿಯರಿಗೆ ಇರಲಿಲ್ಲ. ೨೦೨೨ರ ಮೇ ೧೫ರಂದು ಗುರುಗ್ರಾಮದಲ್ಲಿ ಉಷ್ಣಾಂಶವು ೪೮ ಡಿಗ್ರಿಯನ್ನು ದಾಟಿತ್ತು. ಎರಡನೆಯದು ಉದ್ಯೋಗದ ಸ್ಥಳದಲ್ಲಿ ನಮ್ಮ ಯುವಕ ಯುವತಿಯರ ಮುಂದೆ ಬಂದು ನಿಲ್ಲುವ ಗಾಜಿನ ಲೋಟ. "ಇದರಲ್ಲಿ ಮದ್ಯವಿಲ್ಲ, ಕುಡಿಯಿರಿ" ಎಂದು ಸಹೋದ್ಯೋಗಿಗಳು ಪ್ರೀತಿಯಿಂದಲೇ ಕೊಡುತ್ತಾರೆ. ಕುಡಿದರೆ ದೋಷವೇನು, ಕುಡಿಯದಿದ್ದರೆ ಅವರು ಏನೆಂದುಕೊಂಡಾರು ಎಂಬ ಸಂಕೋಚವು ಇಂದು ಅನೇಕ ಮನೆಗಳಲ್ಲಿದೆ. ಮಕ್ಕಳು ಕೇಳುವ ಈ ಪ್ರಶ್ನೆಗೆ ಗದರಿಕೆಯು ಉತ್ತರವಾಗಲಾರದು. ಶಾಸ್ತ್ರವು ಏನು ಹೇಳುತ್ತದೆ ಎಂಬುದನ್ನು ತಿಳಿದು ಹೇಳಬೇಕು.

ಪಂಚಮಹಾಪಾತಕಗಳಲ್ಲಿ ಸುರಾಪಾನವು ಒಂದೆಂಬುದು ಪ್ರಸಿದ್ಧವಾಗಿದೆ. ಆ ಸುರೆಯು ಮೂರು ವಿಧವೆಂದು ಮನುವು ವಿಂಗಡಿಸಿರುವನು: ಬೆಲ್ಲದಿಂದಾದದ್ದು ಗೌಡಿ, ಹಿಟ್ಟಿನಿಂದಾದದ್ದು ಪೈಷ್ಟಿ, ಮೂರನೆಯದು ಮಾಧ್ವಿ. ಒಂದು ಹೇಗೋ ಮೂರೂ ಹಾಗೆಯೇ ವರ್ಜ್ಯವೆಂದು ಅವನ ನಿರ್ಣಯ. ಇಲ್ಲಿ ಗೌಡಿಯ ಕಡೆಗೆ ಸ್ವಲ್ಪ ಗಮನವನ್ನು ಕೊಡಬೇಕು. ರಾಮನವಮಿಯಂದು ನಾವು ದೇವರಿಗೆ ನಿವೇದಿಸುವ ಪಾನಕವು ಯಾವುದರಿಂದ ಆಯಿತು? ಬೆಲ್ಲ ಮತ್ತು ನೀರು. ಗೌಡಿಯು ಯಾವುದರಿಂದ ಆಯಿತು? ಅದೂ ಬೆಲ್ಲ ಮತ್ತು ನೀರೇ. ಬೆಲ್ಲದಲ್ಲಿಯೂ ಗಾಳಿಯಲ್ಲಿಯೂ ಸಹಜವಾಗಿರುವ ಸೂಕ್ಷ್ಮಜೀವಿಗಳು ಸಿಹಿಯನ್ನು ತಿಂದು ಮದ್ಯಸಾರವನ್ನೂ ಅಂಗಾರಾಮ್ಲವನ್ನೂ ಹೊರಗೆಡಹುತ್ತವೆ. ಇದನ್ನೇ ನಾವು ಹುದುಗುವುದು ಎನ್ನುತ್ತೇವೆ. ಈ ಕೆಲಸಕ್ಕೆ ಬೆಚ್ಚನೆಯ ಹವೆಯು ಬಹಳ ಅನುಕೂಲ. ಮಾನೇಸರದ ಮೇ ತಿಂಗಳಲ್ಲಿ ಬೆಳಿಗ್ಗೆ ಕಲಸಿದ ಪಾನಕವನ್ನು ಹೊರಗೆಯೇ ಬಿಟ್ಟರೆ ಮರುದಿನಕ್ಕೆ ಮೇಲೆ ಸಣ್ಣ ಗುಳ್ಳೆಗಳು ಏಳುತ್ತವೆ, ಹುಳಿವಾಸನೆ ಬರುತ್ತದೆ. ಪಾತ್ರೆಯು ಬದಲಾಗಲಿಲ್ಲ, ಪದಾರ್ಥವು ಬದಲಾಗಲಿಲ್ಲ. ಕಾಲ ಮಾತ್ರ ಕಳೆಯಿತು. ಆದ್ದರಿಂದ ಪಾನಕವನ್ನು ಆಯಾ ದಿನವೇ ಮಾಡಿ, ಕೂಡಲೇ ನಿವೇದಿಸಿ, ಅಂದೇ ಹಂಚಿ ಮುಗಿಸಬೇಕೆಂಬ ನಮ್ಮ ಹಿರಿಯರ ನಿಯಮವು ಬರಿಯ ಮಡಿಯ ಆಗ್ರಹವಲ್ಲ. ಗುಳ್ಳೆಯೆದ್ದ ಪಾನಕವನ್ನು, ಬೆಲ್ಲ ಹಾಳಾಯಿತೆಂಬ ಲೋಭದಿಂದ, ಪುನಃ ಏಲಕ್ಕಿ ಹಾಕಿ ಬಡಿಸತಕ್ಕದ್ದಲ್ಲ.

ಹಾಗಾದರೆ ಮೊಸರೂ ಹುದುಗಿದ ಪದಾರ್ಥವೇ ಅಲ್ಲವೇ ಎಂದು ಬುದ್ಧಿವಂತರಾದ ಮಕ್ಕಳು ಕೇಳಿಯಾರು. ಒಳ್ಳೆಯ ಪ್ರಶ್ನೆ. ಹುಳಿಯೇರಿದ ಪದಾರ್ಥಗಳನ್ನು ಶುಕ್ತವೆಂದು ಕರೆದು ನಿಷೇಧಿಸಿದ ಅದೇ ಮನುಸ್ಮೃತಿಯು, ಅವುಗಳಲ್ಲಿ ಮೊಸರು ಮತ್ತು ಮೊಸರಿನಿಂದ ಆದವುಗಳೆಲ್ಲ ಭಕ್ಷ್ಯವೆಂದು ಪ್ರತ್ಯೇಕವಾಗಿ ಅನುಮತಿಸಿದೆ. ಹೆಪ್ಪಿನಿಂದ ಹಾಲು ಹುಳಿಯಾಗುತ್ತದೆಯೇ ಹೊರತು ಅಮಲಿನ ಪದಾರ್ಥವಾಗುವುದಿಲ್ಲ. ಶಾಸ್ತ್ರಕಾರರ ಸೂಕ್ಷ್ಮದೃಷ್ಟಿಯನ್ನು ಇಲ್ಲಿ ಕಾಣಬಹುದು.

ಈಗ ಆ ಗಾಜಿನ ಲೋಟದ ಪ್ರಶ್ನೆಗೆ ಬರೋಣ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ, ಪರಿಮಾಣದಲ್ಲಿ ಶೇಕಡಾ ೦.೫ಕ್ಕಿಂತ ಹೆಚ್ಚು ಮದ್ಯಸಾರವಿದ್ದರೆ ಮಾತ್ರ ಆ ಪೇಯವು ಮದ್ಯದ ಗಣನೆಗೆ ಬರುತ್ತದೆ. ಅಂದಮೇಲೆ ಕಾನೂನಿನ ಲೆಕ್ಕದಲ್ಲಿ ಮದ್ಯವಲ್ಲದ್ದು ಪೂರ್ಣವಾಗಿ ಮದ್ಯಸಾರರಹಿತವೆಂದು ಹೇಳಲು ಬಾರದು. ಮದ್ಯಸಾರವನ್ನು ತೆಗೆದುಹಾಕಿದ ಬಿಯರು ಎಂದು ಮಾರುವುದು ಮೊಳಕೆಗಟ್ಟಿದ ಧಾನ್ಯವನ್ನು ಹುದುಗಿಸಿಯೇ ಆದದ್ದು. ಜಾತಿಯಿಂದ ಅದು ಪೈಷ್ಟಿಯೇ. ಕೊಂಬುಚಾ ಎಂಬ ಹುದುಗಿದ ಚಹಾದ ನೀರಿಗೂ ಈ ಸಂಶಯವು ತಪ್ಪಿದ್ದಲ್ಲ. ಹೋಳಿಯ ಸಮಯದಲ್ಲಿ ನೆರೆಯವರು ಕೊಡುವ ಠಂಡಾಯಿಯಲ್ಲಿ ಬಾದಾಮಿ, ಸೋಂಪು, ಮೆಣಸು, ಕರ್ಬೂಜದ ಬೀಜಗಳಿರುತ್ತವೆ, ಅವೆಲ್ಲ ಉತ್ತಮ ಪದಾರ್ಥಗಳು. ಭಂಗಿ ಸೇರಿದೆಯೇ ಎಂಬುದನ್ನು ಮಾತ್ರ ವಿನಯದಿಂದ ವಿಚಾರಿಸಿಕೊಳ್ಳಬೇಕು. ಇನ್ನು ಬರಿಯ ಹಣ್ಣಿನ ರಸ, ನಿಂಬೆಯ ನೀರು ಮುಂತಾದವುಗಳಿಗೆ ಸುರೆಯ ದೋಷವನ್ನು ಆರೋಪಿಸುವುದು ಅತಿರೇಕ. ಅವು ಅನಿವೇದಿತವಾದವು, ಅವುಗಳ ಮಂಜುಗಡ್ಡೆಯ ನೀರು ಎಲ್ಲಿಯದೋ ತಿಳಿಯದು, ಅಷ್ಟೇ. ಬಿಸಿಲಿನಲ್ಲಿ ಬಳಲಿದ ಉದ್ಯೋಗಿಯು ಮನಸ್ಸಿನಲ್ಲಿಯೇ ಹರಿಗೆ ಅರ್ಪಿಸಿ ಸ್ವೀಕರಿಸಿದರೆ ಅದನ್ನು ಆಕ್ಷೇಪಿಸತಕ್ಕದ್ದಿಲ್ಲ. ಮನೆಯಿಂದ ಒಂದು ಸೀಸೆ ಮಜ್ಜಿಗೆಯನ್ನು ಒಯ್ದರೆ ಈ ಪ್ರಶ್ನೆಯೇ ಏಳುವುದಿಲ್ಲ.

ಸುರೆಯ ವಿಷಯದಲ್ಲಿ ಶಾಸ್ತ್ರಕ್ಕೆ ಇಷ್ಟು ಬಿಗಿ ಏಕೆಂಬುದಕ್ಕೆ ಆದಿಪರ್ವದ ಕಚನ ಕಥೆಯು ಸಾಕ್ಷಿ. ಅಸುರರು ಕಚನನ್ನು ಕೊಂದು, ಸುಟ್ಟು, ಆ ಬೂದಿಯನ್ನು ಸುರೆಯಲ್ಲಿ ಬೆರೆಸಿ ಅವನ ಗುರುಗಳಾದ ಶುಕ್ರಾಚಾರ್ಯರಿಗೇ ಕುಡಿಸಿದರು. ಮೃತಸಂಜೀವಿನಿಯನ್ನು ಬಲ್ಲ ಮಹಾಜ್ಞಾನಿಗೂ ತಾನು ಕುಡಿಯುತ್ತಿರುವುದು ಶಿಷ್ಯನ ದೇಹವನ್ನೆಂಬುದು ಆಗ ತಿಳಿಯಲಿಲ್ಲ. ಎಚ್ಚರವಾದ ಮೇಲೆ ಅವರು ಬ್ರಾಹ್ಮಣರಿಗೆ ಸುರಾಪಾನವು ಕೂಡದೆಂದು ಮರ್ಯಾದೆಯನ್ನು ಕಟ್ಟಿದರು. ಮೈರೇಯವನ್ನು ಕುಡಿದು ಪ್ರಭಾಸಕ್ಷೇತ್ರದಲ್ಲಿ ಯಾದವರು ಪರಸ್ಪರ ಹೊಡೆದಾಡಿ ಅಳಿದದ್ದನ್ನು ಭಾಗವತವನ್ನು ಕೇಳಿದವರೆಲ್ಲ ಬಲ್ಲರು.

ಇದಕ್ಕೆ ಎದುರಾಗಿ ಮತ್ತೊಂದು ಪಾನದ ಕಥೆಯುಂಟು. ನೀವು ವಾಸಿಸುವ ಈ ಗುರುಗ್ರಾಮವು ದ್ರೋಣಾಚಾರ್ಯರ ಊರೆಂಬುದು ಇಲ್ಲಿಯವರ ಪರಂಪರೆಯ ಮಾತು. ಗುಡ್‌ಗಾಂವ್ ಎಂದಿದ್ದುದನ್ನು ೨೦೧೬ರಲ್ಲಿ ಅಧಿಕೃತವಾಗಿ ಬದಲಿಸಿದ್ದೂ ಆ ಹೆಸರಿನಿಂದಲೇ. ಇದೇ ಹರಿಯಾಣದ ಕುರುಕ್ಷೇತ್ರದಲ್ಲಿ ಶರಶಯ್ಯೆಯ ಮೇಲೆ ಮಲಗಿದ್ದ ಭೀಷ್ಮಾಚಾರ್ಯರು ನೀರನ್ನು ಬೇಡಿದಾಗ ರಾಜರು ಬಗೆಬಗೆಯ ಭಕ್ಷ್ಯಗಳನ್ನೂ ತಂಪಾದ ನೀರಿನ ಕುಂಭಗಳನ್ನೂ ತಂದರು. ಅವರು ಅದಾವುದನ್ನೂ ಸ್ವೀಕರಿಸದೆ ಅರ್ಜುನನ ಕಡೆಗೆ ನೋಡಿದರು. ಅವನು ಪರ್ಜನ್ಯಾಸ್ತ್ರದಿಂದ ಭೂಮಿಯನ್ನು ಭೇದಿಸಲು ಶುದ್ಧವಾದ, ಶೀತಲವಾದ ಜಲಧಾರೆಯು ಚಿಮ್ಮಿತು. ಅದರಿಂದ ಅವರ ದಾಹವು ಶಮನವಾಯಿತು. ನರಕಾತಾರಿಯ ಭೀಷ್ಮಕುಂಡವನ್ನು ಆ ಸ್ಥಳವೆಂದು ಇಂದಿಗೂ ತೋರಿಸುತ್ತಾರೆ. ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೋಗಿ ನೋಡತಕ್ಕ ಕ್ಷೇತ್ರ.

ಇನ್ನು ಮಾಡುವ ಕ್ರಮ. ಮನೆಯಲ್ಲಿ ಹಿರಿಯರಿದ್ದಾಗ ಇದನ್ನು ಬರೆದು ತಿಳಿಸುವ ಅಗತ್ಯವಿರಲಿಲ್ಲ. ಈಗ ದಂಪತಿಗಳಿಬ್ಬರೇ ಇರುವ ಮನೆಗಳು ಹೆಚ್ಚು. ಒಂದು ಬಟ್ಟಲು, ಅಂದರೆ ಸುಮಾರು ೨೦೦ ಗ್ರಾಂ ಬೆಲ್ಲವನ್ನು ಪುಡಿಮಾಡಿ ಒಂದು ಲೀಟರು ಶುದ್ಧಜಲದಲ್ಲಿ ನೆನೆಸಬೇಕು. ಕುದಿಸುವುದು ಬೇಡ. ಬೆಲ್ಲದಲ್ಲಿ ಮರಳು, ಕಸ ಇರುವುದರಿಂದ ತೆಳುವಾದ ಒಗೆದ ಬಟ್ಟೆಯಲ್ಲಿ ಸೋಸಲೇಬೇಕು. ಅರ್ಧ ಚಮಚ ಒಣಶುಂಠಿಯ ಪುಡಿ, ಕಾಲು ಚಮಚ ಮೆಣಸಿನ ಪುಡಿ, ನಾಲ್ಕು ಏಲಕ್ಕಿ, ಒಂದು ನಿಂಬೆಹಣ್ಣಿನ ರಸ, ಸಾಸಿವೆಯಷ್ಟು ಪಚ್ಚಕರ್ಪೂರ. ಮೆಣಸೆಂದರೆ ಕಾಳುಮೆಣಸು ಎಂಬುದನ್ನು ಹೊಸದಾಗಿ ಮದುವೆಯಾದವರಿಗೆ ಹೇಳಿಡುವುದು ಒಳ್ಳೆಯದು. ತುಳಸೀದಳವನ್ನು ಹಾಕಿ ಶ್ರೀಹರಿಗೆ ನಿವೇದಿಸಿ, ಬಳಿಕ ಮುಖ್ಯಪ್ರಾಣದೇವರಿಗೂ ಗುರುಗಳಿಗೂ ಸಮರ್ಪಿಸಬೇಕು. ರಾಮನವಮಿಗೂ, ವೈಶಾಖ ಶುದ್ಧ ಚತುರ್ದಶಿಯ ನೃಸಿಂಹಜಯಂತಿಗೂ ಇದೇ ಪಾನಕ. ಆಂಧ್ರದ ಮಂಗಳಗಿರಿಯಲ್ಲಿ ನೃಸಿಂಹದೇವರ ಬಾಯಿಗೇ ಪಾನಕವನ್ನು ಎರೆಯುವ ಪದ್ಧತಿಯಿದ್ದು, ಅವನಿಗೆ ಪಾನಕಾಲ ಸ್ವಾಮಿಯೆಂದೇ ಹೆಸರಾಗಿದೆ.

ರಾಮನವಮಿಯ ಬೇಲದ ಹಣ್ಣಿನ ಪಾನಕವನ್ನು ಇಲ್ಲಿ ಮಾಡುವವರು ಹೆಸರಿನಿಂದ ಮೋಸಹೋಗಬಾರದು. ಇಲ್ಲಿಯ ರಸ್ತೆಬದಿಯಲ್ಲಿ 'ಬೇಲ್' ಎಂದು ಮಾರುವುದು ಬಿಲ್ವದ ಹಣ್ಣು. ನಮ್ಮ ಬೇಲವು ಸಂಸ್ಕೃತದ ಕಪಿತ್ಥ. ಅದನ್ನು ಹಿಂದಿಯಲ್ಲಿ 'ಕೈಥಾ' ಎಂದು ಕೇಳಬೇಕು. ಬಿಲ್ವದ ಹಣ್ಣಿನ ಪಾನಕವೂ ಹೊಟ್ಟೆಗೆ ತಂಪೇ, ಶ್ರೀಸೂಕ್ತದಲ್ಲಿ ಲಕ್ಷ್ಮೀದೇವಿಯ ವೃಕ್ಷವೆಂದು ಹೇಳಿರುವುದೂ ಬಿಲ್ವವನ್ನೇ. ಆದರೆ ನೆನಪಿನ ರುಚಿ ಬೇರೆಯಾಗಿ, ಮನೆಯ ಹಿರಿಯರು ಮುಖ ಸಿಂಡರಿಸಿಯಾರು! ಕರ್ಬೂಜವು ಎಲ್ಲೆಡೆಯೂ ಸಿಗುತ್ತದೆ. ಊರಿಗೆ ಹೋದವರು ಒಣಗಿದ ಪುನರ್ಪುಳಿಯ ಸಿಪ್ಪೆಯನ್ನು ತಂದಿಟ್ಟುಕೊಂಡರೆ ವರ್ಷವೆಲ್ಲ ಬರುತ್ತದೆ. ನಮ್ಮ ಲಾವಂಚವನ್ನೇ ಇಲ್ಲಿಯವರು 'ಖಸ್' ಎನ್ನುತ್ತಾರೆ. ಒಂದು ಹಿಡಿ ಬೇರನ್ನು ತೊಳೆದು ಮಡಕೆಯ ನೀರಿನಲ್ಲಿ ಬಿಟ್ಟರೆ ಸಾಕು.

ಮಜ್ಜಿಗೆಗೆ ಒಂದು ಪಾಲು ಮೊಸರಿಗೆ ಮೂರು ನಾಲ್ಕು ಪಾಲು ನೀರು. ಕಡೆದು ಬೆಣ್ಣೆ ತೆಗೆದು ಶುಂಠಿ, ಕರಿಬೇವು, ಕೊತ್ತಂಬರಿ, ಇಂಗು, ಉಪ್ಪು. ಪಾತ್ರೆಯ ವಿಷಯದಲ್ಲಿ ಎಚ್ಚರಿಕೆ ಬೇಕು. ಕಂಚಿನ ಪಾತ್ರೆಯಲ್ಲಿನ ಎಳನೀರು, ತಾಮ್ರದ ಪಾತ್ರೆಯಲ್ಲಿನ ಜೇನು, ತುಪ್ಪವನ್ನು ಬಿಟ್ಟು ತಾಮ್ರದಲ್ಲಿಟ್ಟ ಇತರ ಗವ್ಯಗಳು ಮದ್ಯಕ್ಕೆ ಸಮಾನವೆಂದು ಧರ್ಮಶಾಸ್ತ್ರದಲ್ಲಿ ಹೇಳಲ್ಪಟ್ಟಿದೆ. ಈಗ ತಾಮ್ರದ ನೀರಿನ ಸೀಸೆಗಳು ಬಹಳ ಪ್ರಚಾರದಲ್ಲಿವೆ. ನೀರಿಗೆ ಅವು ಉಚಿತ. ಮಜ್ಜಿಗೆಯನ್ನೋ ನಿಂಬೆಯ ಪಾನಕವನ್ನೋ ತುಂಬಿ ಮಕ್ಕಳ ಕೈಗೆ ಕೊಡತಕ್ಕದ್ದಲ್ಲ. ಹುಳಿಯು ತಾಮ್ರವನ್ನು ಕರಗಿಸಿಕೊಂಡು ವಾಂತಿಯನ್ನು ತರುತ್ತದೆ.

ಮಧುಮೇಹವಿರುವವರಿಗೆ ಬೆಲ್ಲವೂ ಸಕ್ಕರೆಯಷ್ಟೇ ಅಹಿತ. ಅವರಿಗೆ ಒಂದು ಉದ್ಧರಣೆ ಪ್ರಸಾದ, ಉಳಿದಂತೆ ಮಜ್ಜಿಗೆ. ಬಿಸಿಲಿನ ಹೊಡೆತದಿಂದ ಮೈ ಸುಡುತ್ತಾ ಮಾತು ತೊದಲುತ್ತಿರುವವನ ಬಾಯಿಗೆ ಪಾನಕವನ್ನು ಸುರಿಯದೆ, ನೆರಳಿಗೆ ಎಳೆದು, ಮೈಗೆ ತಣ್ಣೀರು ಹಾಕಿ, ಕೂಡಲೇ ಆಸ್ಪತ್ರೆಗೆ ಒಯ್ಯಬೇಕು.

ದಾನದ ವಿಚಾರವು ಉಳಿಯಿತು. ಅಕ್ಷಯ ತೃತೀಯೆಯಂದು, ಮಂತ್ರಾಲಯದಲ್ಲಿ ರಾಯರ ಮೂಲವೃಂದಾವನಕ್ಕೆ ಗಂಧಲೇಪನವಾಗುವ ಆ ದಿನ, ಪಿತೃಗಳ ಉದ್ದೇಶದಿಂದ ಉದಕುಂಭದಾನವನ್ನು ಮಾಡುವುದು ನಮ್ಮ ಸಂಪ್ರದಾಯ. ಉತ್ತರದವರು ಮಾಸವನ್ನು ಹುಣ್ಣಿಮೆಯಿಂದ ಎಣಿಸುವುದರಿಂದ ಅವರ ವೈಶಾಖವು ನಮ್ಮದಕ್ಕಿಂತ ಹದಿನೈದು ದಿನ ಮೊದಲು ಬರುತ್ತದೆ. ಶುಕ್ಲಪಕ್ಷದಲ್ಲಿ ಮಾತ್ರ ಇಬ್ಬರ ಮಾಸವೂ ಒಂದೇ. ಆದ್ದರಿಂದ ಅಕ್ಷಯ ತೃತೀಯೆಯೂ ಜ್ಯೇಷ್ಠ ಶುದ್ಧ ಏಕಾದಶಿಯೂ ನೆರೆಯವರೊಡನೆ ಕೂಡಿಯೇ ಬರುತ್ತವೆ. ಆ ಏಕಾದಶಿಯನ್ನು ಇಲ್ಲಿಯವರು ನಿರ್ಜಲಾ ಎಂದು ಕರೆದು, ಮಡಕೆ, ಬೀಸಣಿಗೆ, ಕರ್ಬೂಜಗಳನ್ನು ದಾನಮಾಡಿ, ರಸ್ತೆಯಲ್ಲಿ 'ಛಬೀಲ್' ಇಟ್ಟು ದಾರಿಹೋಕರಿಗೆ ಸಿಹಿನೀರನ್ನು ಕೊಡುತ್ತಾರೆ. ಭೀಮಸೇನನು ಹಸಿವನ್ನು ತಡೆಯಲಾರದೆ ಇದೊಂದನ್ನೇ ಆಚರಿಸಿದನೆಂಬ ಇಲ್ಲಿಯ ಕಥೆಯು ವಾಯುದೇವರ ಅವತಾರನಾದ ಅವನಿಗೆ ಒಪ್ಪುವುದಿಲ್ಲ. ಶ್ರೀಮದಾಚಾರ್ಯರ ಕೃಷ್ಣಾಮೃತಮಹಾರ್ಣವವನ್ನು ಓದಿದವರಿಗೆ ಎಲ್ಲ ಏಕಾದಶಿಗಳೂ ಸಮಾನ. ಆದರೆ ನೆರೆಯವರ ಜಲದಾನವು ಶ್ಲಾಘ್ಯವೇ. ಉಪವಾಸವಿರುವ ನಾವು ಅಂದು ಅವರ ಜೊತೆಗೆ ನಿಲ್ಲಬಹುದೇ ಎಂದರೆ, ಅನ್ನವನ್ನು ಬಡಿಸುವುದು ಆ ದಿನಕ್ಕೆ ವಿಹಿತವಲ್ಲ. ಬಾಯಾರಿದವನಿಗೆ ತಣ್ಣೀರನ್ನು ಕೊಡಲು ಯಾವ ಪ್ರತಿಬಂಧವೂ ಇಲ್ಲ. ಪಾನಕ ಮಜ್ಜಿಗೆಗಳನ್ನು ದ್ವಾದಶಿಯಂದು ಪಾರಣೆಯಾದ ಮೇಲೆ ಹಂಚುವುದು ಯುಕ್ತವೆಂದು ತೋರುತ್ತದೆ.

ನಮ್ಮೂರುಗಳ ಅರವಟ್ಟಿಗೆಯನ್ನೇ ಇಲ್ಲಿ 'ಪ್ಯಾವು' ಎನ್ನುತ್ತಾರೆ. ಬೆಂಗಳೂರಿನ ಬಸವನಗುಡಿ, ಚಾಮರಾಜಪೇಟೆಗಳಲ್ಲಿ ರಾಮನವಮಿಯಂದು ಬೀದಿಬೀದಿಯಲ್ಲಿ ಪಾನಕದ ಹಂಡೆಗಳನ್ನು ಕಂಡವರು ಮಾನೇಸರದ ವಸತಿಗಳಲ್ಲಿ ಅದಿಲ್ಲವೆಂದು ಕೊರಗುವುದುಂಟು. ನಾಲ್ಕು ಮನೆಗಳವರು ಸೇರಿದರೆ ವೈಶಾಖ ಮಾಸವಿಡೀ ವಸತಿಯ ಹೆಬ್ಬಾಗಿಲಿನಲ್ಲಿ ಎರಡು ಮಡಕೆಗಳನ್ನು ಇಡಬಹುದು. ಕಾವಲುಗಾರರು, ಸಾಮಾನು ತಲುಪಿಸುವ ಹುಡುಗರು, ಬಿಹಾರದಿಂದ ದುಡಿಯಲು ಬಂದ ಕಾರ್ಮಿಕರು ಮಧ್ಯಾಹ್ನದಲ್ಲಿ ಅಲ್ಲಿಯೇ ಓಡಾಡುವವರು. ಮಡಕೆಗಳನ್ನು ಮರಳಿನ ಮೇಲೆ ನೆರಳಿನಲ್ಲಿಡಬೇಕು. ದಿನವೂ ಬೆಳಿಗ್ಗೆ ಹಳೆಯ ನೀರನ್ನು ಗಿಡಕ್ಕೆ ಚೆಲ್ಲಿ, ಒಳಗೆ ಉಜ್ಜಿ ತೊಳೆದು, ಸೋಸಿದ ನೀರನ್ನು ತುಂಬಿ, ಬಾಯಿಗೆ ಒದ್ದೆಬಟ್ಟೆ ಕಟ್ಟಿ, ಎತ್ತಿ ಹಾಕಲು ಉದ್ದ ಹಿಡಿಯ ಸೌಟನ್ನು ಇಡಬೇಕು. ತುಂಬುವಾಗ ಮಾಸನಿಯಾಮಕನಾದ ಮಧುಸೂದನನ ಹೆಸರನ್ನು ಹೇಳಿದರೆ ಅದೇ ಸಂಕಲ್ಪ.

ಶ್ರೀಕೃಷ್ಣಾರ್ಪಣಮಸ್ತು.