ವಸ್ತುತಂತ್ರವಾದ ತಿಳಿವು: ಗೆರೆ ಹಿಡಿದು ನಡೆಯುವ ರೋಬೋಟ್ ಮತ್ತು ದೋಷದ ಪ್ರಶ್ನೆ

ಯಂತ್ರವೊಂದು ಕೆಟ್ಟಿದೆ ಎಂದಾಗ ಆ ಕೇಡು ನಿಜವಾಗಿ ಎಲ್ಲಿದೆ ಎಂಬುದು ಮೇಲ್ನೋಟಕ್ಕೆ ತೋರುವಷ್ಟು ಸರಳವಾದ ಪ್ರಶ್ನೆಯಲ್ಲ. ನೆಲಕ್ಕೆ ಅಂಟಿಸಿದ ಕಪ್ಪು ಪಟ್ಟಿಯನ್ನು ಅನುಸರಿಸಿ ಸಾಗಬೇಕಾದ ಪುಟ್ಟ ರೋಬೋಟ್ ಮೊದಲ ತಿರುವಿನಲ್ಲೇ ದಾರಿ ಬಿಟ್ಟು ಗೋಡೆಯತ್ತ ಹೊರಟಾಗ ಅದರೊಳಗೆ ಪ್ರಕೃತಿಯ ಯಾವ ನಿಯಮವೂ ಮುರಿದಿರುವುದಿಲ್ಲ. ತಂತಿ, ರೆಸಿಸ್ಟರ್, ಬ್ಯಾಟರಿ, ಮೋಟಾರ್ ಎಲ್ಲವೂ ತಮ್ಮನ್ನು ಹೇಗೆ ಜೋಡಿಸಲಾಗಿದೆಯೋ ಅದಕ್ಕೆ ತಕ್ಕಂತೆ ಚಾಚೂ ತಪ್ಪದೆ ನಡೆದುಕೊಂಡಿರುತ್ತವೆ. ತಪ್ಪಿರುವುದು ಕಟ್ಟಿದವರ ನಿರೀಕ್ಷೆಗೂ ಕಟ್ಟಿದ ವಸ್ತುವಿಗೂ ಇರಬೇಕಾದ ಹೊಂದಿಕೆ. ಆದ್ದರಿಂದ ದೋಷವನ್ನು ಹುಡುಕುವುದು ಕೈಕೆಲಸವಾಗುವ ಮೊದಲು ತಿಳಿವಿನ ಕೆಲಸವಾಗಿದೆ. ಸರಿಯಾದ ಅರಿವು ಯಾವ ಸಾಧನದಿಂದ ಹುಟ್ಟುತ್ತದೆ, ಅದು ಸರಿಯೆಂದು ಗೊತ್ತಾಗುವುದು ಹೇಗೆ ಎಂದು ಭಾರತೀಯ ದರ್ಶನಗಳು ಪ್ರಮಾಣವಿಚಾರದಲ್ಲಿ ಶತಮಾನಗಳ ಕಾಲ ಕೇಳಿದ ಪ್ರಶ್ನೆಯನ್ನೇ ಅದು ಕೆಲವು ರೂಪಾಯಿಗಳ ಬಿಡಿಭಾಗಗಳ ನಡುವೆ ಮತ್ತೆ ಕೇಳುತ್ತದೆ.

ಕೇರಳದಲ್ಲಿ ಈ ಪ್ರಶ್ನೆ ಈಗ ಶಾಲೆಯ ಬಾಗಿಲಿಗೇ ಬಂದಿದೆ. 2001ರಲ್ಲಿ ಐಟಿ ಅಟ್ ಸ್ಕೂಲ್ ಎಂಬ ಯೋಜನೆಯಾಗಿ ಆರಂಭವಾಗಿ 2017ರಲ್ಲಿ ಕೈಟ್ ಎಂಬ ಸರ್ಕಾರಿ ಕಂಪನಿಯಾದ ಸಂಸ್ಥೆಯು ತಿರುವನಂತಪುರದ ತನ್ನ ಕೇಂದ್ರ ಕಚೇರಿಯಿಂದಲೂ ಕೊಚ್ಚಿಯ ಎಡಪ್ಪಳ್ಳಿಯಲ್ಲಿರುವ ಪ್ರಾದೇಶಿಕ ಕೇಂದ್ರದಂತಹ ನೆಲೆಗಳಿಂದಲೂ ಶಾಲೆಗಳ ತಂತ್ರಜ್ಞಾನ ಶಿಕ್ಷಣವನ್ನು ನಡೆಸುತ್ತಿದೆ. 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಕೂಟಗಳ ಮೂಲಕ ಮಕ್ಕಳ ಕೈಗೆ ರೋಬೋಟಿಕ್ಸ್ ಬಂದಿತು, 2025-26ರ ಶಾಲಾ ವರ್ಷದಿಂದ ಅದು ಹತ್ತನೆಯ ತರಗತಿಯ ಪಾಠವೇ ಆಯಿತು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಈ ಪಠ್ಯಕ್ರಮದೊಳಗೇ ಇದ್ದಾರೆ. ಶಾಲೆಗಳಿಗೆ ತಲುಪಿದ ಕಿಟ್‌ಗಳಲ್ಲಿರುವುದು ಆರ್ಡುಯಿನೋ ಬೋರ್ಡು, ಎಂದರೆ ಬರೆದುಕೊಟ್ಟ ಪ್ರೋಗ್ರಾಮಿನಂತೆ ನಿರ್ಧಾರ ಮಾಡುವ ಪುಟ್ಟ ಕಂಪ್ಯೂಟರು. ಪ್ರೋಗ್ರಾಮೇ ಇಲ್ಲದ, ಮನೆಯಲ್ಲಿ ತಂತಿಗಳನ್ನು ಬೆಸೆಯದೆ ಚುಚ್ಚಿ ಕೂರಿಸುವ ಬ್ರೆಡ್‌ಬೋರ್ಡಿನ ಮೇಲೆ ಕಟ್ಟಿದ ಅನಲಾಗ್ ರೋಬೋಟಿನ ವಿಶೇಷವೆಂದರೆ ಅದರ ಪ್ರತಿಯೊಂದು ನಿರ್ಧಾರವೂ ಯಾವುದೋ ಒಂದು ತಂತಿಯಲ್ಲಿ ವೋಲ್ಟೇಜಾಗಿ ನಿಂತಿರುತ್ತದೆ; ಮಲ್ಟಿಮೀಟರಿನ ಮೊನೆ ತಾಗಿಸಿ ಅದನ್ನು ಓದಬಹುದು.

ಈ ಅನಲಾಗ್ ರೋಬೋಟಿನ ರಚನೆ ಹೀಗಿದೆ. ರೋಬೋಟಿನ ಮುಂಭಾಗದ ಅಡಿಯಲ್ಲಿ ಪಟ್ಟಿಯ ಎಡಕ್ಕೊಂದು ಬಲಕ್ಕೊಂದು ಸಂವೇದಕವಿರುತ್ತದೆ. ಪ್ರತಿ ಸಂವೇದಕದಲ್ಲಿ ಕಣ್ಣಿಗೆ ಕಾಣದ ಅವಕೆಂಪು ಬೆಳಕನ್ನು ಬೀರುವ ಒಂದು ಎಲ್‌ಇಡಿ ಮತ್ತು ನೆಲದಿಂದ ಹಿಂದಿರುಗಿದ ಬೆಳಕಿಗೆ ಸ್ಪಂದಿಸುವ ಒಂದು ಫೋಟೋಟ್ರಾನ್ಸಿಸ್ಟರ್ ಇರುತ್ತವೆ. ಬಿಳಿ ನೆಲದ ಮೇಲೆ ಬೆಳಕು ಹೆಚ್ಚು ಹಿಂದಿರುಗಿ ಸಂವೇದಕದ ವೋಲ್ಟೇಜ್ ಇಳಿಯುತ್ತದೆ, ಕಪ್ಪು ಪಟ್ಟಿಯ ಮೇಲೆ ಏರುತ್ತದೆ. ಈ ವೋಲ್ಟೇಜನ್ನು ಪಡೆಯುವ ಆಪ್-ಆಂಪ್ ಎಂಬ ಚಿಪ್ಪು ತನ್ನ ಪ್ಲಸ್ ಮತ್ತು ಮೈನಸ್ ಎಂಬ ಎರಡು ಇನ್‌ಪುಟ್‌ಗಳ ನಡುವಿನ ವ್ಯತ್ಯಾಸವನ್ನು ಸುಮಾರು ಲಕ್ಷ ಪಟ್ಟು ಹಿಗ್ಗಿಸುವುದರಿಂದ, ಪ್ಲಸ್ ಇನ್‌ಪುಟ್ ಕೂದಲೆಳೆಯಷ್ಟು ಮೇಲಾದರೂ ಅದರ ಔಟ್‌ಪುಟ್ ಪೂರ್ತಿ ಏರುತ್ತದೆ, ಕೆಳಗಾದರೆ ಪೂರ್ತಿ ಇಳಿಯುತ್ತದೆ. ಒಂದು ಇನ್‌ಪುಟ್‌ಗೆ ಸಂವೇದಕವನ್ನೂ ಇನ್ನೊಂದಕ್ಕೆ ತಿರುಗಿಸಿ ಹೊಂದಿಸಬಹುದಾದ ಹೋಲಿಕೆಯ ವೋಲ್ಟೇಜನ್ನೂ ಕೊಟ್ಟರೆ ಅದು ಕಂಪ್ಯಾರೇಟರ್, ಎಂದರೆ ಹೋಲಿಸಿ ತೀರ್ಪು ಹೇಳುವ ಸರ್ಕ್ಯೂಟ್ ಆಗುತ್ತದೆ; ಆ ತೀರ್ಪು ಟ್ರಾನ್ಸಿಸ್ಟರಿನ ಮೂಲಕ ಮೋಟಾರನ್ನು ಓಡಿಸುತ್ತದೆ ಅಥವಾ ನಿಲ್ಲಿಸುತ್ತದೆ. ಎಡಗಡೆ ಕಪ್ಪು ಕಂಡರೆ ಎಡ ಮೋಟಾರ್ ನಿಂತು ರೋಬೋಟ್ ಎಡಕ್ಕೆ ತಿರುಗಬೇಕು.

ಎಡಪ್ಪಳ್ಳಿ ಇರುವ ಎರ್ನಾಕುಳಂ ಜಿಲ್ಲೆಯಲ್ಲೇ, ಪೆರಿಯಾರ್ ನದಿಯ ದಡದ ಮೇಲೆ, ಶಂಕರಾಚಾರ್ಯರ ಜನ್ಮಸ್ಥಳವೆಂದು ಪರಂಪರೆ ಹೇಳುವ ಕಾಲಡಿ ಇದೆ. ಬ್ರಹ್ಮಸೂತ್ರ ಭಾಷ್ಯದಲ್ಲಿ ಅವರು ಮಾಡಿದ ಒಂದು ವಿಭಾಗ ಈ ವಿಚಾರಕ್ಕೆ ಅಡಿಗಲ್ಲಾಗಬಲ್ಲದು. ಕ್ರಿಯೆಯು ಪುರುಷತಂತ್ರ, ಎಂದರೆ ಮಾಡುವವನ ಇಚ್ಛೆಗೆ ಒಳಪಟ್ಟದ್ದು. ಅದನ್ನು ಮಾಡಬಹುದು, ಬಿಡಬಹುದು, ಬೇರೆ ರೀತಿಯಲ್ಲೂ ಮಾಡಬಹುದು. ಜ್ಞಾನವು ವಸ್ತುತಂತ್ರ, ಎಂದರೆ ತಿಳಿಯಬೇಕಾದ ವಸ್ತು ಹೇಗಿದೆಯೋ ಅದಕ್ಕೆ ಒಳಪಟ್ಟದ್ದು. ಎದುರಿಗಿರುವ ಕಂಬವನ್ನು ಕಂಬವೆಂದು ತಿಳಿದರೆ ಮಾತ್ರ ಅದು ತಿಳಿವು, ಮನುಷ್ಯನೆಂದು ತಿಳಿಯುವ ಸ್ವಾತಂತ್ರ್ಯ ಯಾರಿಗೂ ಇಲ್ಲ. ಶಂಕರರ ಗುರಿ ಬ್ರಹ್ಮಜ್ಞಾನ. ಆದರೆ ವಿಭಾಗವು ಎಲ್ಲ ತಿಳಿವಿಗೂ ಅನ್ವಯಿಸುತ್ತದೆ. ರಿಪೇರಿ ಪುರುಷತಂತ್ರವಾದದ್ದು, ದೋಷದ ಅರಿವು ವಸ್ತುತಂತ್ರವಾದದ್ದು. ಇವೆರಡನ್ನೂ ಒಂದೇ ಎಂದು ಭಾವಿಸುವುದೇ ದೋಷಶೋಧನೆಯಲ್ಲಿ ನಡೆಯುವ ಮೂಲಭೂತ ತಪ್ಪು.

ಮೊದಲು ಅನುಮಾನಪ್ರಮಾಣವನ್ನು, ಎಂದರೆ ಕಂಡ ಗುರುತಿನಿಂದ ಕಾಣದ ಕಾರಣವನ್ನು ತಿಳಿಯುವ ಬಗೆಯನ್ನು ನೋಡಬಹುದು. 1968ರಲ್ಲಿ ಫೇರ್‌ಚೈಲ್ಡ್ ಕಂಪನಿ ಹೊರತಂದ 741 ಎಂಬ ಆಪ್-ಆಂಪ್ ಇಂದಿಗೂ ಪಠ್ಯಪುಸ್ತಕಗಳಲ್ಲಿ ಉಳಿದಿರುವುದರಿಂದ ವಿದ್ಯಾರ್ಥಿಗಳು ಅದನ್ನೇ ಕೊಂಡು 5 ವೋಲ್ಟಿನ ಒಂದೇ ಸಪ್ಲೈಗೆ ಜೋಡಿಸುವುದುಂಟು. ಆಗ ಕಪ್ಪು ಕಂಡರೂ ಎರಡೂ ಮೋಟಾರ್‌ಗಳು ನಿಲ್ಲದೆ ಓಡುತ್ತಲೇ ಇರುತ್ತವೆ. ಮೋಟಾರ್ ನಿಲ್ಲುತ್ತಿಲ್ಲವಾದ್ದರಿಂದ ಸಂವೇದಕಕ್ಕೆ ಕಪ್ಪು ಕಾಣುತ್ತಿಲ್ಲ ಎಂದು ಊಹಿಸಿ ಸಂವೇದಕವನ್ನು ಬದಲಾಯಿಸಲಾಗುತ್ತದೆ, ಫಲ ಸಿಗುವುದಿಲ್ಲ. ಈ ಊಹೆಯ ಹೇತುವನ್ನು ನ್ಯಾಯದರ್ಶನವು ಸವ್ಯಭಿಚಾರವೆಂದು, ಎಂದರೆ ಸಾಧಿಸಬೇಕಾದ ಕಾರಣವಿದ್ದಲ್ಲಿಯೂ ಇಲ್ಲದಲ್ಲಿಯೂ ಕಾಣಿಸಿಕೊಳ್ಳುವ ಗುರುತೆಂದು ತಳ್ಳಿಹಾಕುತ್ತದೆ. ನಿಜವಾದ ಕಾರಣ ಬೇರೆಯೇ ಆಗಿದೆ. ಪ್ಲಸ್ 15 ಮತ್ತು ಮೈನಸ್ 15 ವೋಲ್ಟುಗಳ ಜೋಡಿ ಸಪ್ಲೈಯನ್ನು ಮನಸ್ಸಿನಲ್ಲಿಟ್ಟು ರೂಪಿಸಿದ 741ರ ಔಟ್‌ಪುಟ್ ತನ್ನ ಸಪ್ಲೈಯ ಕೆಳಗಿನ ಅಂಚನ್ನು ಮುಟ್ಟಲಾರದು, ಸುಮಾರು ಎರಡು ವೋಲ್ಟಿನಷ್ಟು ಮೇಲೆಯೇ ನಿಂತುಬಿಡುತ್ತದೆ. ಟ್ರಾನ್ಸಿಸ್ಟರ್ ತೆರೆದುಕೊಳ್ಳಲು 0.7 ವೋಲ್ಟ್ ಸಾಕು. ಆಪ್-ಆಂಪ್ ನಿಲ್ಲು ಎಂದು ಕೊಟ್ಟ ತೀರ್ಪು ಟ್ರಾನ್ಸಿಸ್ಟರಿಗೆ ಓಡು ಎಂದೇ ತಲುಪುತ್ತದೆ. ಔಟ್‌ಪುಟ್ ಹೆಚ್ಚುಕಡಿಮೆ ನೆಲಮಟ್ಟಕ್ಕೇ ಇಳಿಯಬಲ್ಲ ಎಲ್‌ಎಂ324 ಎಂಬ ಆಪ್-ಆಂಪನ್ನು ಹಾಕಿದರೆ ಅದೇ ಸಂವೇದಕ ಸರಿಯಾಗಿ ಕೆಲಸ ಮಾಡುತ್ತದೆ. ಆ ಚಿಪ್ಪಿಗೂ ಮೇಲಿನ ಮಿತಿಯೊಂದಿದೆ: 5 ವೋಲ್ಟ್ ಸಪ್ಲೈಯಲ್ಲಿ ಅದರ ಔಟ್‌ಪುಟ್ ಸುಮಾರು 3.5 ವೋಲ್ಟ್‌ವರೆಗೆ ಮಾತ್ರ ಏರುತ್ತದೆ. ಇದನ್ನರಿಯದವರು ಆರೋಗ್ಯವಾಗಿರುವ ಚಿಪ್ಪನ್ನೂ ಕೆಟ್ಟಿದೆಯೆಂದು ಕಿತ್ತೊಗೆಯುತ್ತಾರೆ.

ಗುರುತಿಗೂ ಕಾರಣಕ್ಕೂ ಇರುವ ತಪ್ಪದ ಸಂಬಂಧವನ್ನು ನೈಯಾಯಿಕರು, ಎಂದರೆ ನ್ಯಾಯದರ್ಶನದವರು, ವ್ಯಾಪ್ತಿ ಎಂದರು. ಆ ಸಂಬಂಧವು ಹೊರಗಿನ ಯಾವುದಾದರೂ ಷರತ್ತನ್ನು ಅವಲಂಬಿಸಿದ್ದರೆ ಆ ಷರತ್ತನ್ನು ಉಪಾಧಿ ಎಂದರು. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುತ್ತದೆ ಎಂಬುದು ಹಸಿ ಸೌದೆ ಎಂಬ ಉಪಾಧಿಯಿಂದಾಗಿ ನಿಲ್ಲುವುದಿಲ್ಲ, ಏಕೆಂದರೆ ಕೆಂಪಗೆ ಕಾಯ್ದ ಕಬ್ಬಿಣದಲ್ಲಿ ಬೆಂಕಿಯಿದ್ದೂ ಹೊಗೆಯಿಲ್ಲ. ಆಪ್-ಆಂಪಿನ ಎರಡು ಇನ್‌ಪುಟ್‌ಗಳ ವೋಲ್ಟೇಜ್ ಸಮನಾಗಿರುತ್ತದೆ ಎಂದು ತರಗತಿಗಳಲ್ಲಿ ಸುವರ್ಣ ನಿಯಮವಾಗಿ ಕಲಿಸುವ ಮಾತಿಗೂ ಇಂತಹ ಉಪಾಧಿಗಳಿವೆ: ಔಟ್‌ಪುಟ್ಟಿನ ಒಂದಂಶ ಮೈನಸ್ ಇನ್‌ಪುಟ್‌ಗೆ ಹಿಂದಿರುಗುವ ನೆಗೆಟಿವ್ ಫೀಡ್‌ಬ್ಯಾಕ್ ಇರಬೇಕು ಮತ್ತು ಔಟ್‌ಪುಟ್ ತನ್ನ ಮಿತಿಯ ಅಂಚಿಗೆ ತಾಗಿರಬಾರದು. ಕಂಪ್ಯಾರೇಟರಿನಲ್ಲಿ ಆ ಫೀಡ್‌ಬ್ಯಾಕೇ ಇಲ್ಲದಿರುವುದರಿಂದ ಇನ್‌ಪುಟ್‌ಗಳು ಬೇರೆಬೇರೆಯಾಗಿರುವುದು ದೋಷವಲ್ಲ, ಅದೇ ಅದರ ಸಹಜ ಸ್ಥಿತಿ. ಆದರೆ ಎಡಬಲ ಸಂವೇದಕಗಳ ವ್ಯತ್ಯಾಸವನ್ನಳೆದು ಮೋಟಾರಿನ ವೇಗವನ್ನು ನಯವಾಗಿ ಹೊಂದಿಸುವ ಸರ್ಕ್ಯೂಟಿನಲ್ಲಿ ಫೀಡ್‌ಬ್ಯಾಕ್ ಇರುವುದರಿಂದ ಅಲ್ಲಿ ಅರ್ಧ ವೋಲ್ಟಿನ ಅಂತರ ಕಂಡರೆ ಅದು ದೋಷದ ಗಟ್ಟಿ ಗುರುತು. ನಿಯಮವನ್ನು ಉಪಾಧಿಯೊಂದಿಗೆ ತಿಳಿದವರಿಗೆ ನಿಯಮ ಮುರಿದ ಸ್ಥಳವೇ ದಾರಿ ತೋರಿಸುತ್ತದೆ.

ಆ ಗುರುತಿನಿಂದ ಮುಂದಕ್ಕೆ ಹೋಗುವ ಬಗೆಯೂ ದರ್ಶನಕಾರರಿಗೆ ಪರಿಚಿತವಾದದ್ದೇ. ಇರಬಹುದಾದ ಕಾರಣಗಳನ್ನೆಲ್ಲ ಎಣಿಸಿ, ಒಂದೊಂದನ್ನೇ ನಿರಾಕರಿಸಿ, ಉಳಿದದ್ದನ್ನು ಒಪ್ಪುವುದನ್ನು ವಾತ್ಸ್ಯಾಯನರು ನ್ಯಾಯಭಾಷ್ಯದಲ್ಲಿ ಶೇಷವತ್ ಅನುಮಾನವೆಂದು ವಿವರಿಸುತ್ತಾರೆ. ಇನ್‌ಪುಟ್‌ಗಳಲ್ಲಿ ಅಂತರ ಕಂಡಾಗ ಔಟ್‌ಪುಟ್ಟನ್ನು ಅಳೆದು ಒಂದೇ ಒಂದು ಪ್ರಶ್ನೆ ಕೇಳಬೇಕು: ಇನ್‌ಪುಟ್‌ಗಳು ಹೇಳುತ್ತಿರುವ ದಿಕ್ಕಿಗೇ ಔಟ್‌ಪುಟ್ ಹೋಗಿದೆಯೇ? ಪ್ಲಸ್ ಇನ್‌ಪುಟ್ ಮೇಲಿದ್ದು ಔಟ್‌ಪುಟ್ಟೂ ಮೇಲಿನ ಅಂಚಿಗೆ ತಾಗಿದ್ದರೆ ಚಿಪ್ಪು ನಿರ್ದೋಷಿ. ಕೇಡು ಹೊರಗಿದೆ, ಬಹುಶಃ ಫೀಡ್‌ಬ್ಯಾಕಿನ ತಂತಿ ಬಿಟ್ಟಿದೆ ಅಥವಾ ಚಿಪ್ಪಿನ ಶಕ್ತಿಗೆ ಮೀರಿದ್ದನ್ನು ಅದರಿಂದ ಕೇಳಲಾಗುತ್ತಿದೆ. ಪ್ಲಸ್ ಇನ್‌ಪುಟ್ ಮೇಲಿದ್ದೂ ಔಟ್‌ಪುಟ್ ಕೆಳಗೇ ಕುಳಿತಿದ್ದರೆ ಚಿಪ್ಪಿಗೆ ಸಪ್ಲೈ ತಲುಪಿಲ್ಲ, ಅಥವಾ ಔಟ್‌ಪುಟ್ಟನ್ನು ಯಾವುದೋ ಭಾರ ಕೆಳಗೆಳೆದಿದೆ, ಅಥವಾ ಚಿಪ್ಪೇ ಸತ್ತಿದೆ. ಎಲ್‌ಎಂ324ರ ನಾಲ್ಕನೆಯ ಕಾಲಿನಲ್ಲಿ ಸಪ್ಲೈ ಇದೆಯೇ, ಹನ್ನೊಂದನೆಯ ಕಾಲು ಗ್ರೌಂಡಿಗೆ ಸೇರಿದೆಯೇ ಎಂದು ಅಳೆದರೆ ಮೊದಲನೆಯ ಪಕ್ಷ ತೀರ್ಮಾನವಾಗುತ್ತದೆ. ಇಷ್ಟರಲ್ಲಿ ಒಂದು ಬಿಡಿಭಾಗವನ್ನೂ ಬದಲಿಸಿರುವುದಿಲ್ಲ, ಆದರೂ ಸಂಶಯದ ಹರವು ಬೋರ್ಡಿನ ತುಂಬ ಇದ್ದದ್ದು ಕೆಲವೇ ಕಾಲುಗಳಿಗೆ ಇಳಿದಿರುತ್ತದೆ.

ಪ್ರತ್ಯಕ್ಷಕ್ಕೂ, ಎಂದರೆ ಇಂದ್ರಿಯದಿಂದ ನೇರವಾಗಿ ತಿಳಿಯುವ ಬಗೆಗೂ, ಮಿತಿಗಳಿವೆ. ಕಣ್ಣಿಗೆ ಕಡುಗಪ್ಪಾಗಿ ಕಾಣುವ ಕೆಲವು ಶಾಯಿಗಳು ಅವಕೆಂಪು ಬೆಳಕನ್ನು ಬಿಳಿಯ ಹಾಗೆಯೇ ಹಿಂದಿರುಗಿಸುವುದರಿಂದ ಅಂತಹ ಶಾಯಿಯಲ್ಲಿ ಎಳೆದ ಗೆರೆ ಸಂವೇದಕದ ಪಾಲಿಗೆ ಇಲ್ಲವೇ ಇಲ್ಲ. ಇಂದ್ರಿಯ ಬದಲಾದಾಗ ಪ್ರತ್ಯಕ್ಷದ ವಿಷಯವೂ ಬದಲಾಗುತ್ತದೆ. ವೋಲ್ಟೇಜ್ ಎಂಬುದಂತೂ ಯಾವಾಗಲೂ ಎರಡು ಬಿಂದುಗಳ ನಡುವಿನ ಸಂಬಂಧ. ಗ್ರೌಂಡ್ ಎಂದು ಕರೆದ ತಂತಿಯೆಲ್ಲವೂ ಸೊನ್ನೆ ವೋಲ್ಟಿನಲ್ಲಿದೆ ಎಂಬುದು ಆ ತಂತಿಯಲ್ಲಿ ಹೆಚ್ಚು ಕರೆಂಟ್ ಹರಿಯದಿರುವಾಗ ಮಾತ್ರ ನಿಜ. ಮೋಟಾರಿನ 1 ಆಂಪಿಯರ್ ಕರೆಂಟು 0.1 ಓಮ್ ರೋಧವಿರುವ ತೆಳು ತಂತಿಯಲ್ಲಿ ಹಿಂದಿರುಗುವಾಗ ಅದರ ಎರಡು ತುದಿಗಳ ನಡುವೆ 100 ಮಿಲಿವೋಲ್ಟ್ ವ್ಯತ್ಯಾಸ ಹುಟ್ಟುತ್ತದೆ, ಸಂವೇದಕದ ಗ್ರೌಂಡೂ ಅದೇ ತಂತಿಯಲ್ಲಿದ್ದರೆ ಹೋಲಿಕೆಯ ತೀರ್ಪು ತಪ್ಪುತ್ತದೆ. ಚಕ್ರಗಳನ್ನು ಮೇಲೆತ್ತಿ ಹಿಡಿದಾಗ ಸರಿಯಾಗಿ ವರ್ತಿಸಿ ನೆಲಕ್ಕಿಟ್ಟೊಡನೆ ಕಂಗೆಡುವ ರೋಬೋಟಿನ ಸಮಸ್ಯೆ ಅನೇಕ ವೇಳೆ ಇದೇ. ಹೇಳಿಕೆಯೊಂದು ನಿಜವಾಗುವುದು ಯಾವ ದೃಷ್ಟಿಯಿಂದ ಎಂದು ಕೇಳದೆ ಮುಂದೆ ಹೋಗಬಾರದೆಂದ ಜೈನರ ನಯವಾದಕ್ಕೆ ಇಲ್ಲಿ ನೇರವಾದ ಸಾಕ್ಷ್ಯವಿದೆ.

ಅಳೆಯುವ ಮೀಟರನ್ನೇ ನಂಬುವುದು ಹೇಗೆ ಎಂದು ಕೇಳಿದರೆ ಮೀಮಾಂಸಕರೂ ನೈಯಾಯಿಕರೂ ಬೇರೆಬೇರೆ ಉತ್ತರ ಕೊಡುತ್ತಾರೆ. ಮೀಮಾಂಸಕರಾದ ಕುಮಾರಿಲ ಭಟ್ಟರ ಪಕ್ಷದಲ್ಲಿ ಪ್ರತಿಯೊಂದು ಅರಿವೂ ಸ್ವತಃ ಪ್ರಮಾಣ. ವಿರುದ್ಧವಾದ ಅರಿವು ಅದನ್ನು ಬಾಧಿಸುವವರೆಗೆ ಅಥವಾ ಅದರ ಕಾರಣದಲ್ಲಿ ದೋಷ ಕಾಣುವವರೆಗೆ ಅದನ್ನು ಒಪ್ಪಬೇಕು, ಇಲ್ಲವಾದರೆ ಒಂದು ಮೀಟರನ್ನು ಪರೀಕ್ಷಿಸಲು ಇನ್ನೊಂದು, ಅದಕ್ಕೆ ಮತ್ತೊಂದು ಎಂಬ ಅನವಸ್ಥೆ ಬರುತ್ತದೆ. ನೈಯಾಯಿಕರ ಪಕ್ಷದಲ್ಲಿ ಅರಿವು ಸರಿಯೆಂದು ಗೊತ್ತಾಗುವುದು ಪರತಃ, ಎಂದರೆ ಅದನ್ನು ನಂಬಿ ನಡೆದ ಕೆಲಸ ಫಲಿಸಿದಾಗ. ಮೀಟರಿನ ಅಂಕಿಯ ಮಟ್ಟಿಗೆ ಕುಮಾರಿಲರ ಮಾತೇ ಸರಿ. ದೋಷದ ಕಾರಣವನ್ನು ಕುರಿತ ಊಹೆಗೆ ನೈಯಾಯಿಕರು ಕೇಳುವ ಪರೀಕ್ಷೆ ಬೇಕು. ಆದರೆ ಅಷ್ಟೇ ಸಾಲದು. ಚಿಪ್ಪನ್ನು ಬದಲಾಯಿಸಿದೊಡನೆ ರೋಬೋಟ್ ಸರಿಯಾಗಿ ನಡೆದರೂ ಹಳೆಯ ಚಿಪ್ಪು ಕೆಟ್ಟಿತ್ತೆಂದು ಸಿದ್ಧವಾಗುವುದಿಲ್ಲ. ಹೊಸದನ್ನು ಒತ್ತಿ ಕೂರಿಸುವಾಗ ಬ್ರೆಡ್‌ಬೋರ್ಡಿನಲ್ಲಿ ಸಡಿಲವಾಗಿದ್ದ ತಂತಿಯೊಂದು ಬಿಗಿಯಾಗಿರಬಹುದು. ಫಲ ಸಿಕ್ಕಿದೆ, ತಿಳಿವು ಸಿಕ್ಕಿಲ್ಲ. ಕಾರಣವಿದ್ದಾಗ ಕಾರ್ಯವಿದೆ ಎಂಬ ಅನ್ವಯವನ್ನೂ ಕಾರಣವಿಲ್ಲದಾಗ ಕಾರ್ಯವಿಲ್ಲ ಎಂಬ ವ್ಯತಿರೇಕವನ್ನೂ ಒಟ್ಟಿಗೆ ತೋರಿಸಬೇಕು: ಹಳೆಯ ಚಿಪ್ಪನ್ನೇ ಮರಳಿ ಹಾಕಿದಾಗ ಕೇಡು ಮರಳಬೇಕು, ತೆಗೆದಾಗ ಹೋಗಬೇಕು. ಕೇಡನ್ನು ಬೇಕೆಂದಾಗ ಕರೆಸಿ ಬೇಕೆಂದಾಗ ಕಳುಹಿಸಬಲ್ಲವರಿಗೆ ಮಾತ್ರ ಆ ಕೇಡು ತಿಳಿದಿದೆ.

ಕೇರಳದ ಜ್ಯೋತಿಷ ಪರಂಪರೆಯು ವಸ್ತುವಿಗೆ ಒಳಪಟ್ಟು ತಿಳಿಯುವ ಈ ನಿಷ್ಠೆಯನ್ನು ಆಕಾಶದ ಮುಂದೆ ಪಾಲಿಸಿತ್ತು. ಗ್ರಹಣಗಳನ್ನು ದಶಕಗಳ ಕಾಲ ಕಣ್ಣಾರೆ ನೋಡಿದ ವಟಶ್ಶೇರಿ ಪರಮೇಶ್ವರರು 1431ರಲ್ಲಿ ದೃಗ್ಗಣಿತವನ್ನು ಬರೆದು ಹಿಂದಿನ ಲೆಕ್ಕಗಳನ್ನು ತಿದ್ದಿದರು. ತಿರೂರಿನ ಬಳಿಯ ತೃಕ್ಕಂಡಿಯೂರಿನ ನೀಲಕಂಠ ಸೋಮಯಾಜಿಗಳು ಜ್ಯೋತಿರ್ಮೀಮಾಂಸೆಯಲ್ಲಿ, ಗಣಿತಕ್ಕೂ ನೋಟಕ್ಕೂ ಹೊಂದಿಕೆ ತಪ್ಪಿದಾಗ ಪರೀಕ್ಷಿಸಿ ಗಣಿತವನ್ನು ತಿದ್ದಬೇಕೆಂದು ವಾದಿಸಿದರು. ಶಾಸ್ತ್ರವನ್ನು ಗೌರವಿಸಿದ ಶ್ರೋತ್ರಿಯರೇ ಹೀಗೆ ಹೇಳಿದರೆಂಬುದನ್ನು ಮರೆಯಬಾರದು. ವಸ್ತುವಿನ ಮುಂದೆ ತನ್ನ ನಿರೀಕ್ಷೆಯನ್ನು ಬಿಟ್ಟುಕೊಡುವುದು ಅವರಿಗೆ ಶ್ರದ್ಧೆಯ ವಿರೋಧವಾಗಿ ತೋರಲಿಲ್ಲ, ಶ್ರದ್ಧೆಯ ಭಾಗವಾಗಿಯೇ ತೋರಿತು.

ಕೆಟ್ಟ ಬೋರ್ಡನ್ನು ಎತ್ತಿಟ್ಟು ಹೊಸದನ್ನು ಕೊಡುವುದು ತರಗತಿಯ ಸಮಯವನ್ನು ಉಳಿಸುತ್ತದೆ, ಆದರೆ ಮಗುವಿಗೆ ರಿಪೇರಿಯನ್ನಷ್ಟೇ ಕಲಿಸುತ್ತದೆ. ಎಡಪ್ಪಳ್ಳಿಯ ಶಾಲೆಯಾಗಲಿ ಕಾಸರಗೋಡಿನ ಕನ್ನಡ ಶಾಲೆಯಾಗಲಿ, ತನ್ನ ಆರ್ಡುಯಿನೋ ಕಿಟ್‌ಗಳ ಜೊತೆಗೆ ಒಂದು ಎಲ್‌ಎಂ324, ಎರಡು ಸಂವೇದಕ ಮತ್ತು ಒಂದು ಬ್ರೆಡ್‌ಬೋರ್ಡಿನ ಅನಲಾಗ್ ರೋಬೋಟನ್ನೂ ಇಟ್ಟುಕೊಳ್ಳುವುದು ಹೊರೆಯಲ್ಲ. ಅದು ದಾರಿ ತಪ್ಪಿದ ದಿನ ಅಧ್ಯಾಪಕರು ಉತ್ತರ ಹೇಳಿಕೊಡದೆ ಮಗುವಿನ ಕೈಗೆ ಮಲ್ಟಿಮೀಟರ್ ಕೊಡಲಿ, ಕಾರಣವನ್ನು ಹೇಳಿದ ಮಗುವಿನಿಂದ ಅದೇ ಕೇಡನ್ನು ಮತ್ತೊಮ್ಮೆ ತರಿಸಿ ನೋಡಲಿ, ಆ ಪರೀಕ್ಷೆಗೂ ಅಂಕ ಕೊಡಲಿ.